ತಪ್ಪಾದ ಮೇಲಿನ ಮೊದಲ ನಿಮಿಷ

ನಾನು ಚನ್ನಪಟ್ಟಣದ ಕಡೆಯವನು. ಆದರೆ ಬಹಳ ವರ್ಷ ಕೆಲಸ ಮಾಡಿದ್ದು ಆಂಧ್ರದ ಇಬ್ರಾಹಿಂಪಟ್ನಂನಲ್ಲಿ. ವಿಜಯವಾಡದಿಂದ ಹೈದರಾಬಾದ್ ರಸ್ತೆ ಹಿಡಿದು ಹೊರಟರೆ ಸ್ವಲ್ಪ ದೂರದಲ್ಲೇ ಎತ್ತರದ ಚಿಮಣಿಗಳು ಕಾಣ್ತವೆ. ಅದು 1979ರಲ್ಲಿ ಶುರುವಾದ ಉಷ್ಣ ವಿದ್ಯುತ್ ಸ್ಥಾವರ. ರಾಜ್ಯ ವಿದ್ಯುತ್ ಮಂಡಳಿಯ ಅಧ್ಯಕ್ಷರಾಗಿದ್ದ ನಾರ್ಲ ತಾತಾರಾವ್ ಅವರ ಹೆಸರು ಈಗ ಅದಕ್ಕಿದೆ. ನಾನಿದ್ದದ್ದು ಅಲ್ಲಲ್ಲ. ಆ ಕಡೆಯದೇ ಒಂದು ಖಾಸಗಿ ಕಾರ್ಖಾನೆ, ಅಲ್ಲಿ ಮೇಂಟೆನೆನ್ಸ್ ವಿಭಾಗದ ಮುಖ್ಯಸ್ಥನಾಗಿದ್ದೆ.

ಸಂಸ್ಕೃತಿ, ಶಿಕ್ಷಣ, ನಾಯಕತ್ವದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮೂರೂ ದೊಡ್ಡ ದೊಡ್ಡ ಪದಗಳು. ನನಗೆ ಇವು ಅರ್ಥ ಆಗಿದ್ದು ಒಂದು ರಾತ್ರಿ ಪಾಳಿಯಲ್ಲಿ. ಅದನ್ನೇ ಹೇಳ್ತೀನಿ.

ಐಟಿಐ ಮುಗಿಸಿ ಬಂದ ಒಬ್ಬ ಹುಡುಗ ನಮ್ಮಲ್ಲಿ ಟ್ರೈನಿ ಆಗಿದ್ದ. ಕನ್ವೇಯರ್‌ನ ಗೇರ್‌ಬಾಕ್ಸಿಗೆ ಆಯಿಲ್ ಬದಲಿಸುವ ಕೆಲಸ ಅವನಿಗೆ ಬಿತ್ತು. ಹಳೇ ಆಯಿಲ್ ಇಳಿಸಿದ. ಅಷ್ಟರಲ್ಲಿ ಯಾರೋ ಬೇರೆ ಕೆಲಸಕ್ಕೆ ಕರೆದರು. ವಾಪಸ್ ಬಂದವನು ಮುಚ್ಚಳ ಬಿಗಿ ಮಾಡಿ ಹೋದ, ಹೊಸ ಆಯಿಲ್ ತುಂಬಲೇ ಇಲ್ಲ. ಮಿಷನ್ ಶುರುವಾಯ್ತು. ಮಧ್ಯರಾತ್ರಿ ಟೀ ಕುಡಿಯುವಾಗ ಅವನಿಗೆ ನೆನಪಾಯ್ತು. ಆಗಲೇ ಓಡಿ ಬಂದು ಹೇಳಿದ್ದರೆ ಐದು ನಿಮಿಷದ ಕೆಲಸ. ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಗೇರ್‌ಬಾಕ್ಸ್ ಜಾಮ್ ಆಗಿ, ಕಪ್ಲಿಂಗ್ ಒಡೆದು, ಅದರ ಒಂದು ತುಂಡು ಗಾರ್ಡ್ ಸೀಳಿಕೊಂಡು ಹೊರಗೆ ಹಾರಿತು. ಅಲ್ಲೇ ಕಸ ಗುಡಿಸ್ತಾ ಇದ್ದ ಒಬ್ಬರ ತಲೆಯಿಂದ ಒಂದು ಗೇಣು ದೂರದಲ್ಲಿ ಗೋಡೆಗೆ ಬಡಿಯಿತು.

ಒಂದು ಗೇಣು. ಆ ರಾತ್ರಿ ಯಾರ ಮನೆಯಲ್ಲೂ ಸಾವಾಗಲಿಲ್ಲ ಅನ್ನೋದಕ್ಕೆ ಇದ್ದ ಕಾರಣ ಅಷ್ಟೇ.

ಬೆಳಿಗ್ಗೆ ಹುಡುಗನನ್ನು ಕೂರಿಸಿಕೊಂಡು ಕೇಳಿದೆ, "ನೆನಪಾದ ಕೂಡಲೇ ಯಾಕೆ ಹೇಳಲಿಲ್ಲ?" ತಲೆ ತಗ್ಗಿಸಿಯೇ ಹೇಳಿದ, "ಹೋದ ವಾರ ನೀವು ಆ ಇನ್ನೊಬ್ಬನಿಗೆ ಎಲ್ಲರ ಮುಂದೆ ಬೈದಿದ್ದನ್ನ ನೋಡಿದ್ದೆ ಸಾರ್."

ನಾನು ಸುಮ್ಮನಾದೆ. ಆ ಹುಡುಗನಿಗೆ ಆಯಿಲ್ ಬದಲಿಸೋದು ಐಟಿಐಯಲ್ಲಿ ಕಲಿಸಿದ್ದರು. ತಪ್ಪು ಮಾಡಿದರೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ಕಲಿಸಿದವನು ನಾನು. ಅದೂ ಒಂದೇ ಪಾಠದಲ್ಲಿ, ಅವನಿಗೆ ಒಂದು ಮಾತೂ ಬೈಯದೆ! ನಮ್ಮ ಆಫೀಸಿನ ಗೋಡೆ ಮೇಲೆ 'ಸುರಕ್ಷತೆಯೇ ಮೊದಲು' ಅಂತ ದೊಡ್ಡ ಬೋರ್ಡ್ ಇತ್ತು. ಹುಡುಗರು ಓದಿದ್ದು ಬೋರ್ಡನ್ನಲ್ಲ, ನನ್ನ ಮುಖವನ್ನ.

ಮುಂದಿನ ಭಾನುವಾರ ಪಕ್ಕದ ಕೊಂಡಪಲ್ಲಿಗೆ ಹೋಗಿದ್ದೆ. ದಸರಾ ಹತ್ತಿರ ಬಂದಿತ್ತು, ಮಗಳಿಗೆ ಗೊಂಬೆ ಬೇಕಿತ್ತು. ನಾವು ಗೊಂಬೆ ಹಬ್ಬ ಅಂತೀವಿ, ಅವರು ಬೊಮ್ಮಲ ಕೊಲುವು ಅಂತಾರೆ. ಕೊಂಡಪಲ್ಲಿ ಗೊಂಬೆ ನಮ್ಮ ಚನ್ನಪಟ್ಟಣದ್ದರ ಹಾಗಲ್ಲ. ನಮ್ಮದು ಆಲೆ ಮರವನ್ನ ಲೇತಿಗೆ ಹಾಕಿ ಕಡೆದು, ತಿರುಗುತ್ತಿರುವಾಗಲೇ ಅರಗು ತಾಗಿಸಿ ಬಣ್ಣ ಹಿಡಿಸೋದು. ಅವರದು ತೆಲ್ಲ ಪೊಣಿಕಿ ಅನ್ನೋ ಹಗುರ ಮರ. ಅದನ್ನ ಬಿಸಿಗೆ ಒಣಗಿಸಿ, ಕೈ ಕಾಲು ತಲೆ ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಪುಡಿ ಮತ್ತು ಮರದ ಹೊಟ್ಟು ಕಲಸಿದ ಅಂಟಿನಿಂದ ಜೋಡಿಸ್ತಾರೆ. ಆ ಅಂಟಿಗೆ ಮಕ್ಕು ಅಂತ ಹೆಸರು. ಆಮೇಲೆ ಸುಣ್ಣ ಬಳಿದು ಬಣ್ಣ ಹಚ್ಚೋದು.

ಒಂದು ಮನೆಯ ಜಗುಲಿ ಮೇಲೆ ಒಬ್ಬ ತಾತ ಕೆತ್ತುತ್ತಾ ಕೂತಿದ್ದರು. ಮೊಮ್ಮಗಳು ಅಂಬಾರಿ ಆನೆಗೆ ಬಣ್ಣ ಹಾಕ್ತಿದ್ದಳು. ಕೈ ತಪ್ಪಿ ಸೊಂಡಿಲು ಮುರೀತು. ಹುಡುಗಿ ಎದ್ದು ಎರಡೂ ತುಂಡು ತಾತನ ಕೈಗೆ ಕೊಟ್ಟಳು. ಬಚ್ಚಿಡಲಿಲ್ಲ, ಅಳಲೂ ಇಲ್ಲ. ತಾತ "ಪರ್ವಾಲೇದು" ಅಂದು ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡು, ಮಕ್ಕು ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಒತ್ತಿ ಹಿಡೀಬೇಕು ಅಂತ ತೋರಿಸಿದರು. ಆಮೇಲೆ, "ಈಗ ನೀನೇ ಮಾಡು" ಅಂದರು.

ನನ್ನ ಅರೆಬರೆ ತೆಲುಗಿನಲ್ಲಿ ಕೇಳಿದೆ, "ನಿಮಗೆ ಕೋಪ ಬರಲ್ವಾ?" ಅವರು ನಕ್ಕರು. "ಬರುತ್ತೆ ಬಾಬು. ಆದರೆ ಕೋಪ ಮಾಡಿಕೊಂಡರೆ ಮುಂದಿನ ಸಲ ಮುರಿದದ್ದನ್ನ ಬಣ್ಣದಲ್ಲಿ ಮುಚ್ಚಿಬಿಡ್ತಾಳೆ. ಆಗ ಗೊಂಬೆ ಕೊಂಡವರ ಮನೇಲಿ ಮುರಿಯುತ್ತೆ."

ನನ್ನ ಸೋದರಮಾವನೂ ಹಾಗೇ ಇದ್ದರು. ಚಿಕ್ಕವನಿದ್ದಾಗ ಲೇತಿನ ಮುಂದೆ ಅರಗಿನ ಕಡ್ಡಿ ಕೊಟ್ಟು, ನಾನು ಕೆಡಿಸಿದಾಗೆಲ್ಲ "ಒತ್ತಬೇಡ, ತಾಗಿಸು" ಅಂತಿದ್ದರು, ಅಷ್ಟೇ. ಮನೆಯಲ್ಲಿ ಕಲಿತಿದ್ದ ಆ ಪಾಠವನ್ನ ಹುದ್ದೆ ಮರೆಸಿಬಿಟ್ಟಿತ್ತು.

ಇದೇ ಆಂಧ್ರದ ಶ್ರೀಹರಿಕೋಟದ ಕತೆ ನಿಮಗೆಲ್ಲ ಗೊತ್ತಿರುತ್ತೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಮುಖ್ಯಸ್ಥರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಹೋಗಿ ಹೊಣೆ ಹೊತ್ತುಕೊಂಡವರು ಸತೀಶ್ ಧವನ್. ಇಸ್ರೋ ಅಧ್ಯಕ್ಷರು, ಜೊತೆಗೆ ಬೆಂಗಳೂರಿನ ಐಐಎಸ್ಸಿಯ ನಿರ್ದೇಶಕರೂ ಹೌದು. 1980ರ ಜುಲೈ 18ರಂದು ಗೆದ್ದಾಗ ಮಾತಾಡೋಕೆ ಕಲಾಂ ಅವರನ್ನ ಕಳಿಸಿದರು. ಇಲ್ಲಿಗೇ ಈ ಕತೆ ನಿಲ್ಲಿಸ್ತೀವಿ. ನನಗೆ ಮುಖ್ಯ ಅನ್ನಿಸೋದು ಇದರ ಮುಂದಿನದು. ಕೊನೆ ಗಳಿಗೆಯಲ್ಲಿ ಕಂಪ್ಯೂಟರ್ ತಡೆ ಹಾಕಿತ್ತು, ತಜ್ಞರ ಮಾತು ಕೇಳಿ ಮುಂದುವರಿಯುವ ತೀರ್ಮಾನ ತನ್ನದೇ ಆಗಿತ್ತು ಅನ್ನೋದನ್ನ ಕಲಾಂ ಅವರೇ ಮುಂದೆ ವೇದಿಕೆಗಳಲ್ಲಿ ಹೇಳಿಕೊಂಡರು. ಮೇಲಿನವರು ಅವರನ್ನ ಬಲಿ ಕೊಟ್ಟಿದ್ದರೆ ಇಷ್ಟು ನಿರಾಳವಾಗಿ ಹೇಳೋಕೆ ಆಗ್ತಿತ್ತಾ?

ನಾನೇನು ಮಾಡಿದೆ? ಪ್ರತಿ ಪಾಳಿ ಶುರುವಾಗುವಾಗ ಹತ್ತು ನಿಮಿಷ ಎಲ್ಲರೂ ನಿಂತು ಮಾತಾಡೋದು ಅಂತ ಮಾಡಿದೆ. ಮೊದಲ ದಿನ, ನಾನು ಹಾಗೆ ಬೈದಿದ್ದ ಹುಡುಗನ ಕ್ಷಮೆ ಕೇಳಿದೆ, ಅದೂ ಎಲ್ಲರ ಮುಂದೆ. ಬೈದಿದ್ದು ಎಲ್ಲರ ಮುಂದೆ ತಾನೇ? ಕನ್ನಡಕ್ಕೂ ತೆಲುಗಿಗೂ 'ತಪ್ಪು' ಅನ್ನೋ ಪದ ಒಂದೇ, ಹಾಗಾಗಿ ಭಾಷೆಯ ನೆಪ ಹೇಳೋ ಹಾಗಿರಲಿಲ್ಲ. ಮೂರು ವಾರ ಯಾರೂ ಬಾಯಿ ಬಿಡಲಿಲ್ಲ. ಒಮ್ಮೆ ಕ್ಷಮೆ ಕೇಳಿದ ಮಾತ್ರಕ್ಕೆ ಯಾರು ನಂಬ್ತಾರೆ? ನಾಲ್ಕನೇ ವಾರ, ಅವತ್ತು ಕಸ ಗುಡಿಸ್ತಿದ್ದ ಅದೇ ಹೆಂಗಸು ಹಿಂದಿನಿಂದ ಹೇಳಿದರು, "ಪಂಪಿನ ಹತ್ತಿರ ವೈರ್ ಸಿಪ್ಪೆ ಎದ್ದಿದೆ ಸಾರ್, ನೆಲ ಯಾವಾಗಲೂ ಒದ್ದೆ ಇರುತ್ತೆ." ಆ ಪಂಪಿನ ಪಕ್ಕದಲ್ಲೇ ನಾವೆಲ್ಲ ದಿನಾ ಓಡಾಡ್ತಿದ್ದೆವು. ಆ ಕ್ಷಣವೇ ಕರೆಂಟ್ ತೆಗೆಸಿ, ರಿಪೇರಿ ಮಾಡಿಸಿದೆವು. ಮರುದಿನ ಎಲ್ಲರೆದುರು ಅವರಿಗೆ ಧನ್ಯವಾದ ಹೇಳಿದೆ.

ಅಲ್ಲಿಂದ ಒಬ್ಬೊಬ್ಬರೇ ಬಾಯಿ ಬಿಟ್ಟರು. ತಮಾಷೆ ಏನು ಗೊತ್ತಾ? ತಿಂಗಳ ವರದಿಯಲ್ಲಿ ತಪ್ಪುಗಳ ಲೆಕ್ಕ ಏರಿಬಿಡ್ತು. ಮೇಲಿನವರು ಫೋನ್ ಮಾಡಿ, "ಏನ್ರೀ, ನಿಮ್ಮ ವಿಭಾಗ ಕೆಡ್ತಾ ಇದೆಯಲ್ಲ" ಅಂದರು. ತಪ್ಪು ಹೆಚ್ಚಾಗಿಲ್ಲ, ಕಾಣೋದು ಹೆಚ್ಚಾಗಿದೆ ಅಂತ ಒಪ್ಪಿಸೋಕೆ ನನಗೆ ತಿಂಗಳುಗಳೇ ಬೇಕಾದವು. ಆ ವರ್ಷ ನನ್ನ ಬಡ್ತಿಯೂ ತಪ್ಪಿತು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಒಳ್ಳೇದು ಮಾಡಿದ ಕೂಡಲೇ ಹೂವಿನ ಹಾರ ಬೀಳುತ್ತೆ ಅಂತ ನೀವು ಅಂದುಕೊಳ್ಳಬಾರದು. ಬೈಗುಳ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ, ಅದು ನಾಯಕನಲ್ಲೇ ನಿಲ್ಲಲಿ.

ಶಿಕ್ಷಣ ಕೆಲಸ ಹೇಗೆ ಮಾಡಬೇಕು ಅಂತ ಹೇಳಿಕೊಡುತ್ತೆ. ತಪ್ಪಾದ ಮೇಲೆ ಆ ಮನುಷ್ಯ ನಿಮ್ಮ ಕಡೆಗೆ ಓಡಿ ಬರ್ತಾನಾ, ನಿಮ್ಮಿಂದ ದೂರ ಓಡ್ತಾನಾ ಅನ್ನೋದೇ ಸಂಸ್ಥೆಯ ಸಂಸ್ಕೃತಿ. ಅದನ್ನ ತೀರ್ಮಾನ ಮಾಡೋದು ಆ ಮೊದಲ ನಿಮಿಷದಲ್ಲಿ ನಾಯಕನ ಮುಖ.

ಆಯಿಲ್ ಮರೆತ ಆ ಹುಡುಗ ಕೆಲಸದಲ್ಲೇ ಉಳಿದ. ಆಮೇಲೆ ಹೊಸ ಟ್ರೈನಿಗಳಿಗೆ ಗೇರ್‌ಬಾಕ್ಸ್ ಪಾಠ ಮಾಡೋದು ಅವನೇ ಆದ. ತನ್ನ ಕತೆಯಿಂದಲೇ ಪಾಠ ಶುರು ಮಾಡ್ತಿದ್ದ.

ಇವತ್ತು ಮನೆಗೆ ಹೋದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಆಫೀಸಿರಲಿ, ಶಾಲೆಯಿರಲಿ, ಮನೆಯೇ ಇರಲಿ, ನಿಮಗಿಂತ ಚಿಕ್ಕವರು ತಾವಾಗಿಯೇ ಬಂದು "ತಪ್ಪಾಯ್ತು" ಅಂತ ನಿಮಗೆ ಕೊನೇ ಸಲ ಹೇಳಿದ್ದು ಯಾವಾಗ? ನೆನಪಿಗೆ ಬರದಿದ್ದರೆ, ನಿಮ್ಮಲ್ಲಿ ಯಾರೂ ತಪ್ಪು ಮಾಡ್ತಿಲ್ಲ ಅಂತ ಖುಷಿಪಡಬೇಡಿ.