ತಾಳುವ ವಾಚು, ಬಾಳುವ ವಾಚು

(ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಳೇ ಮೈಸೂರು ಸೀಮೆಯ ಮದುವೆಗಳಲ್ಲಿ ವರನಿಗೆ ಉಂಗುರ, ಸೂಟು, ವಾಚು ಕೊಡುವ ವಾಡಿಕೆ ಹೊಸದೇನಲ್ಲ. ಉಂಗುರ ಬೆರಳಿನಲ್ಲೇ ಉಳಿಯುತ್ತದೆ. ಸೂಟು ಆಗೊಮ್ಮೆ ಈಗೊಮ್ಮೆ ಆರತಕ್ಷತೆಗೆ ಹೊರಬರುತ್ತದೆ. ವಾಚಿನ ಪಾಡು ಮಾತ್ರ ವಿಚಿತ್ರ. ಅದು ದುಬಾರಿಯಾದಷ್ಟೂ ಬೀರುವಿನ ಒಳಒಳಗೆ ಸರಿಯುತ್ತದೆ. ‘ದಿನಾ ಕಟ್ಟಿದರೆ ಹಾಳಾದೀತು’ ಎಂದು ಮನೆಯ ಹಿರಿಯರು ಎಚ್ಚರಿಸುತ್ತಾರೆ. ಅಳಿಯ ಕೆಲಸಕ್ಕೆ ಹೋಗುವಾಗ ಕಟ್ಟುವುದು ಹಳೆಯ ವಾಚನ್ನೇ. ಮಾವ ಸಾಲ ಮಾಡಿ ಕೊಡಿಸಿದ ವಾಚು ಕತ್ತಲಲ್ಲಿ ಕೂರುತ್ತದೆ, ಸಾಲದ ಕಂತು ಮಾತ್ರ ಬೆಳಕಿನಲ್ಲಿ ಓಡಾಡುತ್ತದೆ.

ಹಾಗಾದರೆ ದುಬಾರಿ ವಾಚು ದಿನನಿತ್ಯದ ಬಳಕೆಗೆ ತಾಳುತ್ತದೆಯೇ? ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಪ್ರಶ್ನೆ ಇದಲ್ಲ. ವಾಚಿನ ಬಾಳಿಕೆ ಅದರ ಬೆಲೆಯಲ್ಲಿಲ್ಲ. ಅದನ್ನು ಯಾವ ಕೆಲಸಕ್ಕೆಂದು ಮಾಡಿದ್ದಾರೆ ಮತ್ತು ಕೆಟ್ಟಾಗ ಬಿಚ್ಚಿ ಸರಿಪಡಿಸುವವರು ಎಲ್ಲಿದ್ದಾರೆ ಎಂಬ ಎರಡು ಸಂಗತಿಗಳಲ್ಲಿದೆ.

ಮೊದಲು ‘ದಿನನಿತ್ಯ’ ಎಂದರೇನು ಎಂಬುದನ್ನು ನೋಡಬೇಕು. ಹವಾನಿಯಂತ್ರಿತ ಕಚೇರಿಯಲ್ಲಿ ಕೂತವರ ದಿನ ಬೇರೆ, ತಿಪ್ಪಸಂದ್ರದ ದಿನ ಬೇರೆ. ಇಲ್ಲಿ ಬೆಳಿಗ್ಗೆ ಹಾಲು ಕರೆಯುವ ಕೈ ಮಧ್ಯಾಹ್ನ ರಾಗಿ ಕಣದಲ್ಲಿರುತ್ತದೆ, ಸಂಜೆ ಬೈಕಿನ ಹ್ಯಾಂಡಲ್ ಹಿಡಿದಿರುತ್ತದೆ. ದೂಳು, ಪೆಟ್ಟು, ನೀರು, ಬೆವರು, ಅಯಸ್ಕಾಂತ ಈ ಐದೂ ವಾಚಿನ ವೈರಿಗಳೇ. ಐದೂ ಒಂದೇ ದಿನದಲ್ಲಿ ಎದುರಾಗಬಹುದು.

ದೂಳಿನಿಂದಲೇ ಆರಂಭಿಸೋಣ. ಮಾಗಡಿ ಸೀಮೆ ಗ್ರಾನೈಟ್ ಬಂಡೆಗಳ ನಾಡು. ಸಾವನದುರ್ಗವೇ ಅದಕ್ಕೆ ಸಾಕ್ಷಿ. ಗ್ರಾನೈಟ್ ಸವೆದು ಮಣ್ಣಾದಾಗ ಅದರೊಳಗಿನ ಬೆಣಚುಕಲ್ಲಿನ ಕಣಗಳು ಮರಳಾಗಿ, ದೂಳಾಗಿ ಉಳಿಯುತ್ತವೆ. ಖನಿಜಗಳ ಗಡಸುತನ ಅಳೆಯಲು ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾನದಲ್ಲಿ ಬೆಣಚುಕಲ್ಲಿಗೆ 7ನೇ ಸ್ಥಾನ. ವಾಚಿನ ಸಾಮಾನ್ಯ ಗಾಜಾಗಲೀ ಉಕ್ಕಿನ ಕವಚವಾಗಲೀ ಆ ಮಟ್ಟ ಮುಟ್ಟುವುದಿಲ್ಲ. ಹಳೆಯ ವಾಚುಗಳಲ್ಲಿದ್ದ ಪ್ಲಾಸ್ಟಿಕ್ ಜಾತಿಯ ಅಕ್ರಿಲಿಕ್ ಗಾಜು ಇನ್ನೂ ಮೆದು. ಹೀಗಾಗಿ ಅಂಗಿಯ ತೋಳಿನಿಂದ ವಾಚಿನ ದೂಳು ಒರೆಸಿದರೆ ದೂಳು ಹೋಗುತ್ತದೆ, ಗೀರು ಉಳಿಯುತ್ತದೆ.

ದುಬಾರಿ ವಾಚು ಇಲ್ಲಿ ಗೆಲ್ಲುತ್ತದೆ. ಅದರ ಮೇಲಿರುವುದು ಕೃತಕ ನೀಲಮಣಿಯ ಗಾಜು. ಗಡಸುತನ 9, ಅದಕ್ಕಿಂತ ಮೇಲಿರುವುದು 10ರ ವಜ್ರ. ಫ್ರಾನ್ಸಿನ ಆಗಸ್ಟ್ ವರ್ನೆಯ್ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಮಾಣಿಕ್ಯ ಮತ್ತು ನೀಲಮಣಿಯನ್ನು ಕುಲುಮೆಯಲ್ಲೇ ಬೆಳೆಸುವುದು ಸಾಧ್ಯವಾಯಿತು. ವಾಚಿನ ಮುಖದ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದೂ ಇಂಥ ಕೃತಕ ಮಾಣಿಕ್ಯಗಳನ್ನೇ. ಅವು ಅಲಂಕಾರಕ್ಕಲ್ಲ, ಚಕ್ರಗಳ ಅಚ್ಚು ಸವೆಯದಂತೆ ತಿರುಗಲು ಇಟ್ಟ ಆಸರೆಗಳು.

ಆದರೆ ಗಡಸು ಬೇರೆ, ಗಟ್ಟಿ ಬೇರೆ. ನೀಲಮಣಿ ಗಾಜಿಗೆ ಗೀರು ಬೀಳುವುದು ಅಪರೂಪ. ಕಲ್ಲಿನ ಮೇಲೆ ಓರೆಯಾಗಿ ಬಿದ್ದರೆ ಚೂರಾಗಬಹುದು. ಅಕ್ರಿಲಿಕ್ ಗೀರುತ್ತದೆ, ಸುಲಭಕ್ಕೆ ಚೂರಾಗುವುದಿಲ್ಲ. ಅಮೆರಿಕದ ನಾಸಾ 1965ರಲ್ಲಿ ಪರೀಕ್ಷಿಸಿ ಒಪ್ಪಿದ, 1969ರಲ್ಲಿ ಚಂದ್ರನಿಗೆ ಹೋದ ಒಮೆಗಾ ಸ್ಪೀಡ್‌ಮಾಸ್ಟರ್ ವಾಚಿನಲ್ಲಿ ಇದ್ದದ್ದು ಇಂಥ ಮೆದು ಗಾಜೇ. ಚೂರುಗಳು ನೌಕೆಯಲ್ಲಿ ತೇಲಾಡಿದರೆ ಅಪಾಯವಲ್ಲವೇ? ಊರಿನ ರಿಪೇರಿಯವರು ಹಳೆಯ ವಾಚಿನ ಗಾಜಿಗೆ ಟೂತ್‌ಪೇಸ್ಟ್ ಸವರಿ, ಉಜ್ಜಿ, ಗೀರು ಮಾಯ ಮಾಡುವುದು ಸಾಧ್ಯವಾಗುವುದೂ ಆ ಮೆದು ಗುಣದಿಂದಲೇ.

ಎರಡನೆಯದು ಪೆಟ್ಟು. ಕೀ ಕೊಡುವ ವಾಚಿನ ಪ್ರಾಣ ಇರುವುದು ಬ್ಯಾಲೆನ್ಸ್ ಎಂಬ ಪುಟ್ಟ ಚಕ್ರದಲ್ಲಿ. ಹಳೆಯ ವಾಚುಗಳಲ್ಲಿ ಅದು ಗಂಟೆಗೆ 18,000 ಸಲ ಆ ಕಡೆ ಈ ಕಡೆ ತೂಗುವುದು ಸಾಮಾನ್ಯ. ವರ್ಷವಿಡೀ ನಡೆದರೆ 15 ಕೋಟಿ 76 ಲಕ್ಷ ಬಡಿತ! ಆ ಚಕ್ರದ ಅಚ್ಚಿನ ತುದಿ ಹೆಚ್ಚುಕಡಿಮೆ ತಲೆಗೂದಲಿನಷ್ಟೇ ದಪ್ಪ. ಒಂದು ಕಾಲದಲ್ಲಿ ವಾಚು ಕೈಜಾರಿ ಬಿದ್ದರೆ ಆ ತುದಿ ಮುರಿಯುತ್ತಿತ್ತು. 1934ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಂದ ಇನ್ಕಾಬ್ಲಾಕ್ ಎಂಬ ವ್ಯವಸ್ಥೆ ಅಚ್ಚಿನ ತುದಿಯ ಮಾಣಿಕ್ಯವನ್ನು ಸಣ್ಣ ಸ್ಪ್ರಿಂಗಿನ ಮೇಲೆ ಕೂರಿಸಿತು. ಪೆಟ್ಟು ಬಿದ್ದಾಗ ಮಾಣಿಕ್ಯ ತುಸು ಸರಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಯಂತ್ರಕ್ಕೆ ಕಲಿಸಿದಂತಾಯಿತು.

‘ಷಾಕ್ ರೆಸಿಸ್ಟೆಂಟ್’ ಎಂದು ಬರೆಯಬೇಕಾದರೆ ವಾಚು ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬಿದ್ದಷ್ಟು ಪೆಟ್ಟನ್ನು ಸಹಿಸಬೇಕು ಎಂಬುದು ಅಂತರರಾಷ್ಟ್ರೀಯ ಮಾನಕ. ಬೈಕಿನಲ್ಲಿ ಹೋಗುವಾಗ ಕಳಚಿ ಡಾಂಬರು ರಸ್ತೆಗೆ ಬೀಳುವುದು ಆ ಲೆಕ್ಕಕ್ಕೆ ಸೇರಿಲ್ಲ.

ಮೂರನೆಯದು ನೀರು. ರೋಲೆಕ್ಸ್ ಕಂಪನಿ 1926ರಲ್ಲಿ ‘ಆಯ್ಸ್ಟರ್’ ಎಂಬ ವಾಚು ತಂದಿತು. ಹಿಂಬದಿಯ ಮುಚ್ಚಳವನ್ನೂ ಕೀ ಕೊಡುವ ಗುಂಡಿಯನ್ನೂ ತಿರುಪಿನಂತೆ ಬಿಗಿದು ನೀರಿಗೆ ದಾರಿ ಮುಚ್ಚಿದ್ದು ಅದರ ವಿಶೇಷ. 1927ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಜ್ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದರು. ಗಂಟೆಗಟ್ಟಲೆ ಕೊರೆಯುವ ನೀರಿನಲ್ಲಿ ಈಜಿದರೂ ಆಕೆಗೆ ಆ ದಿನ ದಡ ಸಿಗಲಿಲ್ಲ. ವಾಚು ಮಾತ್ರ ನಿಲ್ಲದೆ ನಡೆದಿತ್ತು. ಮುಂದಿನ ತಿಂಗಳೇ ಅದು ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆಯ ಮುಖಪುಟದಲ್ಲಿ ಜಾಹೀರಾತಾಯಿತು.

ಎಲ್ಲ ದುಬಾರಿ ವಾಚುಗಳೂ ಹೀಗಿಲ್ಲ. ‘30 ಮೀಟರ್’ ಎಂದು ಬರೆದಿದ್ದರೆ ಅಷ್ಟು ಆಳಕ್ಕೆ ಧುಮುಕಬಹುದು ಎಂದು ತಿಳಿಯುವುದು ತಪ್ಪು. ಅದು ಪರೀಕ್ಷೆಯಲ್ಲಿ ಸಹಿಸಿದ ಒತ್ತಡದ ಲೆಕ್ಕ. ಮಳೆ ಹನಿ, ಕೈ ತೊಳೆಯುವ ನೀರಿಗೆ ಸಾಕು, ಬಾವಿಯ ಈಜಿಗೆ ಸಾಲದು. ನೀರು ತಡೆಯುವುದು ಒಳಗಿನ ರಬ್ಬರ್ ಬಳೆಗಳು. ಅವು ವರ್ಷ ಕಳೆದಂತೆ ಬಿರುಕು ಬಿಡುತ್ತವೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಂಡೆಯ ಬಿಸಿನೀರು ಹೊಯ್ದುಕೊಳ್ಳುವಾಗ ಎಷ್ಟೇ ಬೆಲೆಯ ವಾಚಾದರೂ ಗೂಟಕ್ಕೆ ತೂಗುಹಾಕುವುದೇ ಲೇಸು.

ನಾಲ್ಕನೆಯದು ಬೆವರು. ಮದುವೆ ವಾಚಿನ ಮೋಸ ಹೊರಬೀಳುವುದು ಇಲ್ಲೇ. ವಧುವಿನ ಕಡೆಯವರ ಕಣ್ಣು ಹೋಗುವುದು ಹಳದಿ ಹೊಳಪಿಗೆ. ಬಹುಪಾಲು ಹಳದಿ ವಾಚುಗಳ ಮೇಲಿರುವುದು ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ತೆಳುವಾದ ಲೇಪ. ಬೆವರು ಮತ್ತು ಅಂಗಿಯ ಉಜ್ಜಾಟಕ್ಕೆ ಅದು ಅಂಚುಗಳಲ್ಲಿ ಮೊದಲು ಸವೆಯುತ್ತದೆ. ಅಪ್ಪಟ ಚಿನ್ನದ ವಾಚಿಗೂ ಕಷ್ಟ ತಪ್ಪಿದ್ದಲ್ಲ. ಕವಚಕ್ಕೆ ಬಳಸುವ 18 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 75 ಪಾಲು ಚಿನ್ನ. ಅದು ಬಣ್ಣಗೆಡುವುದಿಲ್ಲ ನಿಜ, ಆದರೆ ನೆಗ್ಗುತ್ತದೆ. ದಿನನಿತ್ಯಕ್ಕೆ ತಾಳುವುದು ಒಳ್ಳೆಯ ತುಕ್ಕುರಹಿತ ಉಕ್ಕು. ಸ್ವಿಟ್ಜರ್ಲೆಂಡಿನ ಆಡೆಮಾರ್ ಪಿಗೆ ಕಂಪನಿ 1972ರಲ್ಲಿ ‘ರಾಯಲ್ ಓಕ್’ ಎಂಬ ಉಕ್ಕಿನ ವಾಚನ್ನು ಅನೇಕ ಚಿನ್ನದ ವಾಚುಗಳಿಗಿಂತ ಹೆಚ್ಚಿನ ಬೆಲೆಗೆ ಮಾರಿದಾಗ ಜನ ಬೆರಗಾದರು. ಕಬ್ಬಿಣದ ಜಾತಿಗೂ ಸಿರಿವಂತಿಕೆ ಬಂದದ್ದು ಆಗ.

ಐದನೆಯ ವೈರಿ ಕಣ್ಣಿಗೆ ಕಾಣದ್ದು. ಸ್ಪೀಕರು, ಮೊಬೈಲ್ ಕವರಿನ ಮುಚ್ಚಳ ಮುಂತಾದವುಗಳಲ್ಲಿರುವ ಅಯಸ್ಕಾಂತದ ಪಕ್ಕ ಇಟ್ಟರೆ ವಾಚಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಗಡಿಯಾರ ಮುಂದೆ ಓಡತೊಡಗುತ್ತದೆ. ಬಲ್ಲ ರಿಪೇರಿಯವರಿಗೆ ಇದು ಕೆಲವು ನಿಮಿಷಗಳ ಕೆಲಸ. ಅರಿಯದವರು ಯಂತ್ರವೇ ಕೆಟ್ಟಿತೆಂದು ಎದೆ ಒಡೆದುಕೊಳ್ಳುತ್ತಾರೆ.

ಈ ಐದನ್ನೂ ಒಟ್ಟಿಗೆ ನೋಡಿದರೆ ದುಬಾರಿ ವಾಚುಗಳಲ್ಲಿ ಎರಡು ಕುಲ ಇರುವುದು ತಿಳಿಯುತ್ತದೆ. ಒಂದು, ಕೆಲಸಕ್ಕೆಂದೇ ಹುಟ್ಟಿದ್ದು. ನೀರಿಗಿಳಿಯುವವರಿಗಾಗಿ 1953ರಲ್ಲಿ ಬಂದ ರೋಲೆಕ್ಸ್ ಸಬ್‌ಮರೀನರ್ ಇದಕ್ಕೆ ಮಾದರಿ. ಇನ್ನೊಂದು, ಸಭೆಗೆಂದೇ ಹುಟ್ಟಿದ್ದು: ತೆಳು ಕವಚ, ಚಿನ್ನ, ಚರ್ಮದ ಪಟ್ಟಿ. ಎರಡನೆಯದನ್ನು ಕಣಕ್ಕೆ ಕಟ್ಟಿಕೊಂಡು ಹೋದರೆ ತಪ್ಪು ವಾಚಿನದಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯಾಧಿಕಾರಿಗಳು ಪೋಲೊ ಆಡುವಾಗ ವಾಚಿನ ಗಾಜು ಒಡೆಯುತ್ತಿತ್ತು. ಅವರ ದೂರಿಗೆ ಉತ್ತರವಾಗಿ 1931ರಲ್ಲಿ ಮುಖವನ್ನು ಮಗುಚಿ ಬೆನ್ನು ಮೇಲಾಗಿಸುವ ‘ರಿವರ್ಸೊ’ ಬಂದಿತು. ಬೆಲೆ ಹೆಚ್ಚಿದ್ದರೆ ಸಾಲದು, ಕೆಲಸಕ್ಕೆ ತಕ್ಕ ರೂಪ ಬೇಕು ಎಂದು ಆ ಕಾಲದ ಸಾಹೇಬರೂ ಕಲಿತದ್ದು ಹೀಗೆ.

ಇನ್ನು ಎರಡನೆಯ ಸಂಗತಿ: ಕೆಟ್ಟಾಗ ಸರಿಪಡಿಸುವವರು. ಇದಕ್ಕೆ ಉದಾಹರಣೆ ಹುಡುಕಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಿಲ್ಲ. ಬೆಂಗಳೂರಿನ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. 1978ರಲ್ಲಿ ತಿಪ್ಪಸಂದ್ರಕ್ಕೆ ದೂರವಲ್ಲದ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ‘ಜನತಾ’ದಂಥ ವಾಚು ಮೇಷ್ಟರ, ಶಾನುಭೋಗರ, ಬಸ್ ಕಂಡಕ್ಟರರ ಮುಂಗೈ ಸೇರಿತು. ಅದರಲ್ಲಿ ನೀಲಮಣಿ ಗಾಜಿರಲಿಲ್ಲ, ತಿರುಪಿನ ಗುಂಡಿಯಿರಲಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದು ಅಪ್ಪನಿಂದ ಮಗನಿಗೆ ಬಂದಿದೆ. ಕಾರಣ ಸರಳ. ಯಂತ್ರ ಸರಳವಾಗಿತ್ತು, ಬಿಡಿಭಾಗ ಸಿಗುತ್ತಿತ್ತು, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಬಳಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರಿಗೆ ಅದರ ಒಳಗೆಲ್ಲ ಅಂಗೈ ರೇಖೆಯಷ್ಟು ಪರಿಚಿತವಾಗಿತ್ತು.

ಕೀ ಕೊಡುವ ಯಾವುದೇ ವಾಚಿಗೆ ಸುಮಾರು ಐದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು. ಎಣ್ಣೆ ಒಣಗಿದ ಮೇಲೂ ನಡೆಸಿದರೆ ಲೋಹಕ್ಕೆ ಲೋಹ ತಿಕ್ಕಿ ಸವೆಯುತ್ತದೆ. ಬೀರುವಿನಲ್ಲಿ ಇಟ್ಟರೂ ಎಣ್ಣೆಗೆ ವಯಸ್ಸಾಗುವುದು ತಪ್ಪದು; ‘ಕಟ್ಟದಿದ್ದರೆ ಉಳಿಯುತ್ತದೆ’ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಲಕ್ಷಗಟ್ಟಲೆ ಬೆಲೆಯ ವಿದೇಶಿ ವಾಚಿನ ಈ ಸೇವೆಗೆ ದೊಡ್ಡ ನಗರಕ್ಕೇ ಹೋಗಬೇಕು. ಒಂದು ಸೇವೆಯ ಖರ್ಚಿನಲ್ಲಿ ಒಳ್ಳೆಯ ಹೊಸ ವಾಚೇ ಬಂದೀತು.

2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಹೊಸ ಬಿಡಿಭಾಗ ಸಿಗದೆಡೆ ಒಂದು ಸತ್ತ ವಾಚಿನ ಚಕ್ರ ತೆಗೆದು ಇನ್ನೊಂದನ್ನು ಬದುಕಿಸಬೇಕಾಗುತ್ತದೆ. ತಾಳಿಕೆಯ ಯಂತ್ರವೂ ತನ್ನನ್ನು ಬಲ್ಲ ಕೈಗಳಿಲ್ಲದೆ ಬಾಳದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಸಮಯ ತಿಳಿಯುವುದೊಂದೇ ಉದ್ದೇಶವಾದರೆ ಉತ್ತರ ಇನ್ನೂ ಸುಲಭ. ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡಿನಷ್ಟು ತಪ್ಪಬಹುದು. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪ್ರಮಾಣಪತ್ರ ಪಡೆದ ಕೀಲಿ ಯಂತ್ರಕ್ಕೆ ದಿನಕ್ಕೇ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗುವ ವಿನಾಯಿತಿ ಇದೆ. ಹೊಸೂರಿನಲ್ಲಿ ಕಾರ್ಖಾನೆ ಹೂಡಿದ ಟೈಟನ್ ಭಾರತದ ಮನೆಮನೆಗೆ ತಲುಪಿಸಿದ್ದು ಈ ಕ್ವಾರ್ಟ್ಜ್ ಅನ್ನೇ. ಅದೇ ಕಂಪನಿ 2002ರಲ್ಲಿ ತಂದ ‘ಎಡ್ಜ್’ ವಾಚಿನ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ್ದು 1.15 ಮಿಲಿಮೀಟರ್. ನಾಜೂಕಿನ ಕಸುಬು ವಿದೇಶದವರ ಸ್ವತ್ತೇನೂ ಅಲ್ಲ.

ಹೀಗಾಗಿ ವಾಚು ಕೊಳ್ಳುವವರು ಅಂಗಡಿಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಗಾಜು ಯಾವುದು? ಕವಚ ಉಕ್ಕೋ, ಬರೀ ಲೇಪವೋ? ನೀರಿಗೆ ಎಷ್ಟು ತಾಳುತ್ತದೆ? ಕೆಟ್ಟರೆ ಎಲ್ಲಿ, ಎಷ್ಟು ಖರ್ಚಿನಲ್ಲಿ ರಿಪೇರಿ? ಕೊನೆಯ ಪ್ರಶ್ನೆಗೆ ಸಮಾಧಾನದ ಉತ್ತರ ಸಿಕ್ಕರೆ ದುಬಾರಿ ವಾಚನ್ನೂ ಧೈರ್ಯವಾಗಿ ದಿನಾ ಕಟ್ಟಬಹುದು. ಸಿಗದಿದ್ದರೆ ಆ ಹಣ ಬೀರುವಿನ ಪಾಲು.

ಮದುವೆ ಮಾತುಕತೆಗೆ ಕೂತವರಿಗೆ ಇನ್ನೊಂದು ಮಾತು. ಎಚ್‌ಎಂಟಿ ವಾಚು ಹುಟ್ಟಿದ 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆಯೂ ಬಂದಿತು. ಇಂಥದ್ದೇ ಬೇಕೆಂದು ಬೇಡಿಕೆ ಇಟ್ಟು ಪಡೆದ ವಾಚು ಆ ಕಾಯ್ದೆಯ ಕಣ್ಣಿನಲ್ಲಿ ಉಡುಗೊರೆಯಲ್ಲ. ಪ್ರೀತಿಯಿಂದ ಕೊಡುವವರೂ ಹಾಸಿಗೆ ಇದ್ದಷ್ಟೇ ಕಾಲು ಚಾಚಲಿ. ಮಾವ ಕೊಟ್ಟ ಸಾಧಾರಣ ಉಕ್ಕಿನ ವಾಚು ಹತ್ತು ವರ್ಷದ ನಂತರವೂ ಅಳಿಯನ ಮುಂಗೈಯಲ್ಲಿ, ಗಾಜಿನ ಮೇಲೆ ನಾಲ್ಕು ಗೀರು ಹೊತ್ತು ನಡೆಯುತ್ತಿದ್ದರೆ ಕೊಟ್ಟವರಿಗೂ ಕಟ್ಟಿದವರಿಗೂ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ?