ಒಲೆ ಊದಿದ ಉಸಿರು



ಮೂರು ವರ್ಷದ ಹಿಂದಿನ ಮಾತು. ಕೆಮ್ಮು ನಿಲ್ಲದ ನಮ್ಮವ್ವನನ್ನು ಧಾರವಾಡದ ಹತ್ತಿರದ ಹಳ್ಳಿಯಿಂದ ಮುಂಬೈಗೆ ಕರೆತಂದು ಡಾಕ್ಟರಿಗೆ ತೋರಿಸಿದ್ದೆ. ಯಂತ್ರದೊಳಗೆ ಊದಿಸಿ ಉಸಿರಿನ ಬಲ ಅಳೆದ ಅವರು ನನ್ನನ್ನು ಕೇಳಿದರು: ಇವರು ಬೀಡಿ ಸೇದುತ್ತಾರೆಯೇ? ಆ ಹಿಂದಿ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದೆ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಬೀಡಿ ನಾ ಯಾಕ ಸೇದ್ಲಿ? ನಲವತ್ತು ವರ್ಷ ಒಲಿ ಊದೀನಿ, ಅಷ್ಟ" ಎಂದಳು. ಡಾಕ್ಟರ್ ನಗಲಿಲ್ಲ. ಆ ಮಾತನ್ನೇ ಚೀಟಿಯ ಮೇಲೆ ಬರೆದುಕೊಂಡರು. ಕಾಯಿಲೆಯ ಹೆಸರು ಸಿ.ಓ.ಪಿ.ಡಿ.

ನಮಗೆ ನಗರವಾಸಿಗಳಿಗೆ ವಾಯುಮಾಲಿನ್ಯವೆಂದರೆ ಸಿಗ್ನಲ್ಲಿನಲ್ಲಿ ನಿಂತ ಬಸ್ಸು, ನವೆಂಬರಿನ ದೆಹಲಿಯ ಆಕಾಶ. ಅಡುಗೆಮನೆ ನೆನಪಿಗೆ ಬರುವುದಿಲ್ಲ. ಆದರೆ ಸೌದೆ, ಕುಳ್ಳು, ಹತ್ತಿಕಟ್ಟಿಗೆ ಇವು ಒಲೆಯಲ್ಲಿ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಕಾರ್ಬನ್ ಮೊನಾಕ್ಸೈಡ್ ಅನಿಲವಾಗಿ, ಕಣ್ಣಿಗೆ ಕಾಣದ ಕಣಗಳಾಗಿ ಹೊರಬರುತ್ತದೆ. ಆ ಕಣಗಳ ಗಾತ್ರ 2.5 ಮೈಕ್ರಾನಿಗಿಂತ ಕಡಿಮೆ; ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಮೂಗು ಅವನ್ನು ತಡೆಯಲಾರದು, ನೇರ ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ದಿನದ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ ಇಂಥ ಕಣ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಿತಿ 60. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಒಲೆ ಹೊತ್ತಿದಾಗ ಅದು ಹಲವು ನೂರು ದಾಟುತ್ತದೆ. ಅವ್ವ ಕೂರುತ್ತಿದ್ದದ್ದು ಅದರ ಎದುರಿಗೇ. ತೊಡೆಯ ಮೇಲೆ ನಾನು.

ಕೂಸುಗಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಹೃದ್ರೋಗ, ಪಾರ್ಶ್ವವಾಯು, ಕಣ್ಣಿನ ಪೊರೆ. 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ಅದೇ ಸಂಸ್ಥೆಯ ಅಂದಾಜು.

ಈ ಹೊಗೆಯನ್ನು ಓಡಿಸಲು ಕನ್ನಡ ನಾಡು ಮೊದಲೇ ಕೈಹಾಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಎಂಬ ವಿಭಾಗದಿಂದ ಅಸ್ತ್ರ ಒಲೆ ಬಂತು. ಸಾಲಾಗಿ ಮೂರು ಪಾತ್ರೆ, ಹೊಗೆಗೆ ಕೊಳವೆ, ಸೌದೆಯೂ ಕಡಿಮೆ. ಸುಧಾರಿತ ಒಲೆಗಳ ರಾಷ್ಟ್ರೀಯ ಯೋಜನೆಯೂ ಎಂಬತ್ತರ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ಆದರೆ ಕೊಳವೆಗೆ ಮಸಿ ಕಟ್ಟಿದಾಗ ಕೆರೆಯುವವರಿಲ್ಲ, ಒಲೆ ಬಿರಿದಾಗ ಮೆತ್ತುವವರಿಲ್ಲ. ಎಷ್ಟೋ ಮನೆಯಲ್ಲಿ ಹಳೆಯ ಒಲೆಯೇ ಮತ್ತೆ ಹೊತ್ತಿತು.

2016ರಲ್ಲಿ ಉಜ್ವಲಾ ಯೋಜನೆ ಬಂದು ಕೋಟಿಗಟ್ಟಲೆ ಮನೆಗೆ ಗ್ಯಾಸ್ ಹೋಯಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ನೂರಕ್ಕೆ 59 ಮಾತ್ರ.

ನಮ್ಮ ಮನೆಗೂ ಗ್ಯಾಸ್ ಬಂದಿತ್ತು. ನನ್ನ ಮೊದಲ ಸಂಬಳದಲ್ಲಿ ನಾನೇ ಕೊಡಿಸಿದ್ದೆ. ನನ್ನ ಕರ್ತವ್ಯ ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಡಾಕ್ಟರ ಹತ್ತಿರ ಹೋದ ದಿನವೇ ಗೊತ್ತಾದದ್ದು, ಆ ಗ್ಯಾಸ್ ಒಲೆ ಬಟ್ಟೆ ಹೊದ್ದು ಕೂತಿದೆ, ಬೀಗರು ಬಂದಾಗ ಚಹಾಕ್ಕೆ ಮಾತ್ರ ಎಂದು. ರೊಟ್ಟಿ ಕಟ್ಟಿಗೆ ಒಲೆಯ ಮೇಲೆ, ಸ್ನಾನದ ನೀರು ಬಚ್ಚಲ ಒಲೆಯ ಮೇಲೆ. ಯಾಕವ್ವಾ ಎಂದರೆ, "ನೀ ಕಳಿಸಿದ ರೊಕ್ಕ ಸಿಲಿಂಡರಿಗೆ ಹಾಕಿದ್ರ ತಮ್ಮನ ಫೀಜಿಗೆ ಏನ್ ಮಾಡ್ಲಿ?" ಎಂದಳು. ಪ್ರತಿ ಭಾನುವಾರ ಫೋನಿನಲ್ಲಿ ಊಟ ಆಯ್ತೇನು ಎಂದು ಕೇಳುತ್ತಿದ್ದೆ. ಯಾವ ಒಲೆಯ ಮೇಲೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ನೀವು ಕೇಳಿ. ಊರಿನ ಸಿಲಿಂಡರನ್ನು ಇಲ್ಲಿಂದಲೇ ಬುಕ್ ಮಾಡಿ ಹಣ ಕಟ್ಟಬಹುದು. ಈಗ ನಾನು ಮಾಡುವುದು ಅದನ್ನೇ. ಒಲೆ ಬಿಡಲಾಗದ ಮನೆಯಲ್ಲಿ ಒಣ ಸೌದೆ ಉರಿಸಲಿ, ಬೆಳಕಿಂಡಿ ತೆರೆದಿರಲಿ, ನೀರೊಲೆ ಬಯಲಿಗೆ ಹೋಗಲಿ, ಕೂಸು ದೂರ ಮಲಗಲಿ.

ಇನ್ನೊಂದು ಮಾತು. ನಿಮ್ಮ ಓಣಿಯಲ್ಲಿ ಏಳುತ್ತಿರುವ ಹೊಸ ಕಟ್ಟಡದ ತಗಡಿನ ಶೆಡ್ಡಿಗೆ ಸಂಜೆ ಕಿವಿಗೊಡಿ. ಅಲ್ಲಿ ಕಲಬುರಗಿಯ, ಯಾದಗಿರಿಯ ಕನ್ನಡ ಕೇಳಿಸೀತು. ಮೂರು ಇಟ್ಟಿಗೆಯ ನಡುವೆ ಸೆಂಟ್ರಿಂಗ್ ಹಲಗೆಯ ಚೂರು ಉರಿಸಿ ಅನ್ನ ಬೇಯಿಸುವವರು ನಮ್ಮವರೇ. 5 ಕಿಲೋದ ಚಿಕ್ಕ ಸಿಲಿಂಡರಿಗೆ ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿ ಸಾಕು ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ಅವರ ಭಾಷೆಯಲ್ಲಿ ಹೇಳಬಲ್ಲವರು ಈ ಊರಲ್ಲಿ ನೀವೇ.

ಅವ್ವ ಈಗ ಗ್ಯಾಸಿನ ಮೇಲೇ ರೊಟ್ಟಿ ಬಡಿಯುತ್ತಾಳೆ. ರುಚಿ ಇಲ್ಲವೆಂದು ಗೊಣಗುತ್ತಾಳೆ. ಕೆಮ್ಮು ತಗ್ಗಿದೆ, ಹೋಗಿಲ್ಲ. ಕಳೆದುಕೊಂಡ ಉಸಿರಿನ ಬಲ ಪೂರ್ತಿ ಮರಳುವುದಿಲ್ಲವೆಂದು ಡಾಕ್ಟರ್ ಅಂದೇ ಹೇಳಿದ್ದರು. ಆ ಮಾತನ್ನು ಮಾತ್ರ ನಾನು ಅವ್ವನಿಗೆ ಕನ್ನಡದಲ್ಲಿ ಹೇಳಲಿಲ್ಲ.