ಮಂಗಳದ ಧೂಳು ಝಾಡಿಸುವವರು ಯಾರು?

(ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಧೂಳಿನ ಬಗ್ಗೆ ಹುಬ್ಬಳ್ಳಿಯವರಿಗೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಬೆಳಿಗ್ಗೆ ಒರೆಸಿದ ಸ್ಕೂಟರಿನ ಸೀಟಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಾದ ಊರು ನಮ್ಮದು. ಮಾಳಿಗೆಯ ಮೇಲಿನ ಸೌರಫಲಕಕ್ಕೆ ಧೂಳು ಕೂತರೆ ಒಂದು ಕೊಡ ನೀರು ಸುರಿಯುತ್ತೇವೆ. ಮಂಗಳ ಗ್ರಹದಲ್ಲಿ ಸುರಿಯುವವರು ಯಾರು?

ಅಲ್ಲಿಯ ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲಿಗಿಂತ ಕಡಿಮೆ. ಆದರೂ ಒಮ್ಮೊಮ್ಮೆ ಇಡೀ ಗ್ರಹವೇ ಧೂಳಿನ ಮುಸುಕು ಹಾಕಿಕೊಳ್ಳುತ್ತದೆ. ಸುಮಾರು 90 ದಿನ ಬಾಳಿದರೆ ಸಾಕೆಂದು ನಾಸಾ 2004ರಲ್ಲಿ ಇಳಿಸಿದ ಆಪರ್ಚುನಿಟಿ ರೋವರ್ 14 ವರ್ಷ ದುಡಿಯಿತು. ಆಗಾಗ ಬೀಸಿದ ಗಾಳಿ ಅದರ ಫಲಕಗಳನ್ನು ಗುಡಿಸಿಕೊಡುತ್ತಿತ್ತು. 2018ರ ಜೂನ್‌ನಲ್ಲಿ ಎದ್ದ ಧೂಳಿನ ಬಿರುಗಾಳಿ ಸೂರ್ಯನನ್ನೇ ಮರೆಮಾಡಿ ಅದರ ಸೊಲ್ಲಡಗಿಸಿತು.

ಅದೇ ವರ್ಷ ನವೆಂಬರಿನಲ್ಲಿ ಇಳಿದ ಇನ್‌ಸೈಟ್‌ಗೆ ಅಂಥ ಗಾಳಿಯ ಭಾಗ್ಯವಿರಲಿಲ್ಲ. 2021ರಲ್ಲಿ ವಿಜ್ಞಾನಿಗಳು ಒಂದು ವಿಚಿತ್ರ ಉಪಾಯ ಮಾಡಿದರು. ಯಂತ್ರದ ತೋಳಿನಿಂದ ಫಲಕದ ಪಕ್ಕದಲ್ಲಿ ಮರಳು ಸುರಿಸಿದರು! ಕಣದಲ್ಲಿ ಜೋಳ ತೂರಿದಂತೆ ಗಾಳಿಗೆ ಹಾರಿದ ದಪ್ಪ ಕಾಳುಗಳು ಫಲಕದ ಮೇಲೆ ಪುಟಿದು, ಸಣ್ಣ ಧೂಳನ್ನು ಎಬ್ಬಿಸಿಕೊಂಡು ಹೋದವು. ದಿನಕ್ಕೆ ಸುಮಾರು 30 ವಾಟ್-ಅವರ್ ವಿದ್ಯುತ್ ಹೆಚ್ಚಿತು. ಹತ್ತು ವಾಟ್ ಬಲ್ಬು ಮೂರು ತಾಸು ಉರಿಯುವಷ್ಟು. ಆದರೂ 2022ರ ಡಿಸೆಂಬರಿನಲ್ಲಿ ಧೂಳೇ ಗೆದ್ದಿತು.

ಒಂದು ಕಸಬರಿಗೆ ಕಟ್ಟಿ ಕಳಿಸಬಾರದಿತ್ತೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೆ. ಅದಕ್ಕೆ ಮೋಟಾರು ಬೇಕು, ತೂಕ ಏರುತ್ತದೆ, ಕೆಡುವ ಭಾಗ ಇನ್ನೊಂದು ಕೂಡುತ್ತದೆ. ಅದಕ್ಕಿಂತ ಫಲಕವನ್ನೇ ದೊಡ್ಡದು ಮಾಡುವುದು ಮೇಲೆಂಬುದು ಅವರ ಲೆಕ್ಕ. ಕ್ಯೂರಿಯಾಸಿಟಿ, ಪರ್ಸಿವಿಯರೆನ್ಸ್ ರೋವರ್‌ಗಳಿಗೆ ಫಲಕವೇ ಇಲ್ಲ. ಅವು ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಪಡೆಯುತ್ತವೆ.

ನಮ್ಮ ಮಂಗಳಯಾನ 2014ರಿಂದ ಕಕ್ಷೆಯಲ್ಲೇ ಸುತ್ತಿತು, ನೆಲ ಮುಟ್ಟಲಿಲ್ಲ. ಹಾಗಾಗಿ ಇಸ್ರೋದವರಿಗೆ ಗೊತ್ತಿರುವುದು ಚಂದ್ರನ ಧೂಳು. ತಮಿಳುನಾಡಿನ ಸಿತ್ತಂಪೂಂಡಿಯ ಬಂಡೆಯನ್ನು ಪುಡಿಮಾಡಿ ಬೆಂಗಳೂರಿನಲ್ಲಿ ಚಂದ್ರನ ನೆಲವನ್ನೇ ಹಾಸಿ ಪರೀಕ್ಷೆ ನಡೆಸಿದರು. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದಾಗ ಎರಡು ಟನ್ನಿಗೂ ಹೆಚ್ಚು ಧೂಳು-ಮಣ್ಣು ಸುಮಾರು 108 ಚದರ ಮೀಟರ್ ಜಾಗಕ್ಕೆ ಚೆದುರಿತ್ತು. ವಿಕ್ರಮ್-ಪ್ರಜ್ಞಾನ್ ದುಡಿದದ್ದು ಒಂದು ಚಾಂದ್ರ ಹಗಲು, ಅಂದರೆ ನಮ್ಮ 14 ದಿನ ಮಾತ್ರ. ಅವು ಮತ್ತೆ ಏಳದಿದ್ದುದಕ್ಕೆ ಕಾರಣ ರಾತ್ರಿಯ ಚಳಿ, ಧೂಳಲ್ಲ. ವರ್ಷಗಟ್ಟಲೆ ನಿಲ್ಲಬೇಕಾದಾಗ ಮಾತು ಬೇರೆ.

ಈಗ ಹೊಸದೊಂದು ದಾರಿ ಕಂಡಿದೆ. ಗಾಜಿನಲ್ಲಿ ಸಣ್ಣ ತಂತಿಗಳನ್ನು ಹುದುಗಿಸಿ ಏರಿಳಿಯುವ ವಿದ್ಯುತ್ ಹರಿಸಿದರೆ ಧೂಳು ತಾನೇ ಜಿಗಿದು ಜಾರುತ್ತದೆ. 2025ರ ಮಾರ್ಚ್‌ನಲ್ಲಿ ಬ್ಲೂ ಗೋಸ್ಟ್ ನೌಕೆ ಚಂದ್ರನ ಮೇಲೆ ಇದನ್ನು ಮಾಡಿ ತೋರಿಸಿತು. ಮಂಗಳದಲ್ಲಿ ಇದು ಅಷ್ಟು ಸಲೀಸಲ್ಲ. ಅಲ್ಲಿಯ ತೆಳು ಗಾಳಿಯಲ್ಲಿ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ.